ಸಂದು ತುಂಬದ ಛಾವಣಿ

೨೦೨೬ರ ಫೆಬ್ರವರಿ ೧, ಭಾನುವಾರ ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ, ಕಾರ್ಖಾನೆಗಳ ಹೊಗೆಯಿಂದ ಇಂಗಾಲವನ್ನು ಹಿಡಿದು ಬಳಸುವ ಅಥವಾ ಸಂಗ್ರಹಿಸಿಡುವ ತಂತ್ರಜ್ಞಾನಕ್ಕೆ ಐದು ವರ್ಷಗಳಲ್ಲಿ ಇಪ್ಪತ್ತು ಸಾವಿರ ಕೋಟಿ ರೂಪಾಯಿ ಒದಗಿಸುವ ಪ್ರಸ್ತಾವ ಬಂತು. ಐದು ಉದ್ಯಮಗಳ ಹೆಸರುಗಳಿದ್ದವು. ಅವುಗಳಲ್ಲಿ ಸಿಮೆಂಟ್ ಒಂದು.

ಆ ಹೊತ್ತಿನಲ್ಲಿ ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ವಾಡಿಯಿಂದ ಚಿತ್ತಾಪುರದ ಕಡೆ ಹೋಗುವಾಗ ಎಡಕ್ಕೆ ಸಿಗುವ ಹಳ್ಳಿ ಅದು. ನಾನು ಚಿತ್ತಾಪುರದಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಕಲಬುರಗಿಯ ಡೆಸ್ಕಿನಿಂದ ಫೋನ್ ಬಂತು: ಬಜೆಟ್‌ನಲ್ಲಿ ಸಿಮೆಂಟಿನ ಮಾತು ಬಂದಿದೆ, ನಿಮ್ಮ ಕಡೆ ಇರುವುದೇ ಅದು, ಸ್ಥಳೀಯ ಸುದ್ದಿ ಮಾಡಿ. ಆಯಿತು ಎಂದು ಫೋನ್ ಇಟ್ಟೆ.

ರೊಟ್ಟಿ ಬಡಿಯುತ್ತಿದ್ದ ಅಕ್ಕ ಏನೆಂದು ಕೇಳಿದಳು. ಚಿಮಣಿಯ ಹೊಗೆಯೊಳಗಿನ ಅನಿಲವನ್ನು ಮೇಲೆ ಬಿಡದೆ ಹಿಡಿಯುತ್ತಾರಂತೆ, ಅದಕ್ಕೆ ಸರ್ಕಾರ ದುಡ್ಡು ಕೊಡುತ್ತದಂತೆ ಎಂದೆ.

"ಹಿಡದು ಎಲ್ಲಿ ಇಡತಾರ?"

"ಕೆಲವು ಕಡೆ ಅದರಿಂದ ಬ್ಯಾರೆ ಸಾಮಾನ ಮಾಡ್ತಾರ. ಕೆಲವು ಕಡೆ ನೆಲದಾಗ ಇಳಸ್ತಾರ."

"ನೆಲದಾಗ ಅಂದ್ರ, ಯಾರ ನೆಲದಾಗ?"

ಕೈ ತೊಳೆಯಲು ಎದ್ದಿದ್ದ ಮಾವ, ಅಂದರೆ ಅಕ್ಕನ ಗಂಡ, ಬಾಗಿಲಲ್ಲಿ ನಿಂತು ನಕ್ಕ. "ನಿನ್ನ ಬಾವ್ಯಾಗ ಇಳಸ್ತಾರ ತಗೋ. ಅದಕ್ಕೇ ಗುರ್ತ ಹಾಕಿ ಹೋಗ್ಯಾರ."

ಅಕ್ಕ ನಗಲಿಲ್ಲ. ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಹಾಗೇ ಹಿಟ್ಟು ನಾದುವ ಕೊಣಮಿಗೆಯಲ್ಲಿ ಇಟ್ಟು, ಹಿತ್ತಲ ಬಾಗಿಲ ಕಡೆ ನೋಡಿದಳು.

ಗುರುತು ಹಿತ್ತಲಲ್ಲಿತ್ತು. ಬಾವಿಯ ಪಕ್ಕದಲ್ಲಿ ಅವರು ಹೊಸದೊಂದು ಕೋಣೆ ಎಬ್ಬಿಸುತ್ತಿದ್ದರು. ನಾಲ್ಕು ಗೋಡೆ ಮೇಲೆದ್ದು, ಕಬ್ಬಿಣದ ಗರ್ಡರ್‌ಗಳು ಅಡ್ಡ ಬಿದ್ದಿದ್ದವು. ಮೇಲೆ ಹೊದಿಸಬೇಕಾದ ಫರ್ಸಿ, ಊರಾಚೆಯವರು ಶಹಾಬಾದ ಕಲ್ಲು ಎನ್ನುವ ಅದೇ ಹಾಸುಗಲ್ಲು, ಅಂಗಳದ ಗೋಡೆಗೆ ಒರಗಿ ನಿಂತಿತ್ತು. ಆ ಚಳಿಗಾಲದ ಆರಂಭದಲ್ಲಿ, ತೊಗರಿ ಹೂ ಬಿಟ್ಟ ಕಾಲಕ್ಕೆ, ಇಬ್ಬರೂ ಹೊಲಕ್ಕೆ ಹೋಗಿದ್ದಾಗ ಯಾರೋ ಬಂದು ಆ ಕೋಣೆಯ ಮೂಲೆಗಲ್ಲಿನ ಮೇಲೆ ಬಿಳಿ ಬಣ್ಣದ ಚೌಕ ಬಳಿದು, ಅದರೊಳಗೆ ಕೆಂಪಿನಲ್ಲಿ ಒಂದು ಅಡ್ಡಗೆರೆ, ಗೆರೆಯ ಕೆಳಗೆ ಬಾಣದ ಮೊನೆ, ಪಕ್ಕದಲ್ಲಿ ಅಂಕಿ ಬರೆದು ಹೋಗಿದ್ದರು. ಸಂಜೆ ಮನೆಗೆ ಬಂದ ಅಕ್ಕ ಅದನ್ನು ನೋಡಿದಳು. ಮರುದಿನದಿಂದ ಕೆಲಸ ನಿಂತಿತು.

ನಮ್ಮ ಕಡೆ ಕಲ್ಲಿನ ಮೇಲೆ ಬಣ್ಣ ಬಿದ್ದರೆ ಏನರ್ಥವೆಂದು ಮಕ್ಕಳಿಗೂ ಗೊತ್ತು. ಖಣಿಯ, ಅಂದರೆ ಕಲ್ಲುಗಣಿಯ, ಗಡಿ ಬಂತು ಎಂದರ್ಥ. ಸೇಡಂ ಕಡೆಯಿಂದ ಶಹಾಬಾದದವರೆಗೆ ಸುಣ್ಣಕಲ್ಲು ಇರುವಲ್ಲೆಲ್ಲ ಜನ ಬಣ್ಣವನ್ನು ಓದುವುದು ಹೀಗೆಯೇ. ಗುರುತು ಬಿದ್ದ ಮನೆಗೆ ಒಂದು ಕಲ್ಲನ್ನೂ ಏರಿಸುವಂತಿಲ್ಲ ಎಂಬುದು ಯಾವ ಕಾನೂನಿನಲ್ಲಿದೆಯೋ ನಾನು ಕಾಣೆ. ಆದರೆ ಹಾಗೆ ನಡೆದುಕೊಳ್ಳುತ್ತಾರೆ. ಗುರುತಿನ ನಂತರ ಕಟ್ಟಿದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆ ಹಿರಿಯರು. ಪರಿಹಾರ ಹೆಚ್ಚಿಸಿಕೊಳ್ಳಲು ಕಟ್ಟಿಸಿದರೆಂದು ಕೇಸು ಹಾಕುತ್ತಾರೆ ಎನ್ನುತ್ತಾರೆ ಗೌಂಡಿಗಳು, ಅಂದರೆ ಮನೆ ಕಟ್ಟುವವರು. ಹಾಗಾಗಿ ಗುರುತು ಕಂಡ ಮನೆಯ ಮೇಲೆ ಯಾವ ಗೌಂಡಿಯೂ ಹತ್ತುವುದಿಲ್ಲ.

ರೈಲು ಹಳಿಯ ಆಚೆಗೆ ಇಂಥ ಒಂದು ಕೇರಿ ಇದೆ. ನಾನು ಶಾಲೆಗೆ ಹೋಗುವಾಗಲೇ ಅಲ್ಲಿ ಬಣ್ಣ ಬಿದ್ದಿತ್ತು. ಖಣಿ ಇನ್ನೊಂದು ದಿಕ್ಕಿಗೆ ಹೋಯಿತು. ಕೇರಿಯನ್ನು ಯಾರೂ ಕೊಳ್ಳಲಿಲ್ಲ, ಗುರುತು ಅಳಿಸಿ ಬಿಟ್ಟುಕೊಡಲೂ ಇಲ್ಲ. ಅಲ್ಲಿ ಈಗಲೂ ಸೊಂಟದೆತ್ತರಕ್ಕೆ ನಿಂತ ಗೋಡೆಗಳಿವೆ, ಅವುಗಳ ಮೇಲೆ ತಗಡು ಹೊದಿಸಿ ಕಲ್ಲು ಹೇರಿದ್ದಾರೆ. ಬಾಗಿ ಒಳಗೆ ಹೋಗಬೇಕು. ಅಲ್ಲಿ ಹುಟ್ಟಿದವರಿಗೆ ಅಲ್ಲೇ ಮದುವೆಯಾಗಿ ಮಕ್ಕಳಾದರೂ ಬಾಗುವುದು ತಪ್ಪಿಲ್ಲ. ಅಕ್ಕ ಆ ಕೇರಿಯ ಹೆಸರೆತ್ತುವುದಿಲ್ಲ. "ಹಳಿ ಆಚಿನವರು" ಎನ್ನುತ್ತಾಳೆ.

ಅಕ್ಕನಿಗೆ ಅವಸರವಿತ್ತು. ಒಬ್ಬಳೇ ಮಗಳು, ಚಿಂಚೋಳಿ ಕಡೆ ಕೊಟ್ಟಿದೆ, ಆಗ ಐದು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ. ಇದ್ದ ಮನೆಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಯ ಕೋಣೆ. ಪಡಸಾಲೆಯಲ್ಲಿ ಮಾವ ಮಲಗುತ್ತಾನೆ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಗುತ್ತಿಗೆ ಕೆಲಸ, ಪಾಳಿ ಮುಗಿಸಿ ಬಂದಾಗ ಮೈತುಂಬ ಬೂದಿ ಬಣ್ಣದ ಪುಡಿ, ಮಲಗಿದರೂ ಕೆಮ್ಮು. ಹಸುಗೂಸನ್ನು ಅಲ್ಲಿ ಮಲಗಿಸುವುದಿಲ್ಲವೆಂದು ಅಕ್ಕ ನಿಶ್ಚಯಿಸಿದ್ದಳು. ಆ ಕೋಣೆ ಶುರುವಾದದ್ದು ಅದಕ್ಕೆ. ಬೀಗರ ಮನೆಯವರು, ಜಾಗ ಸಾಲದಿದ್ದರೆ ಬಾಣಂತನ ನಾವೇ ಮಾಡುತ್ತೇವೆ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಅದು ಉಪಕಾರದ ಮಾತಾಗಿರಬಹುದು. ಅಕ್ಕ ಹಾಗೆ ತೆಗೆದುಕೊಂಡಿರಲಿಲ್ಲ.

ಗುರುತು ಬೀಳುವುದಕ್ಕೆ ಮೊದಲು ತಂದಿಟ್ಟಿದ್ದ ಒಂದು ಚೀಲ ಸಿಮೆಂಟ್ ಗೋಡೆಯ ಬದಿಯಲ್ಲಿ ಹಾಗೇ ಇತ್ತು. ಚಳಿಗಾಲದ ಇಬ್ಬನಿಗೆ ಒಳಗೇ ಗಟ್ಟಿಯಾಗಿ, ಚೀಲದ ಆಕಾರದ ಕಲ್ಲಾಗಿತ್ತು. ಅಕ್ಕ ಅದರ ಮೇಲೆ ಕುಳಿತು ಬಟ್ಟೆ ಒಗೆಯುತ್ತಿದ್ದಳು.

ಸುದ್ದಿಗಾಗಿ ನಾನು ಮರುವಾರ ವಾಡಿಗೆ ಹೋದೆ. ಅಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಒಂದು ಅಧ್ಯಯನ ತಂಡ ಇದೆಯೆಂದೂ, ಹೊಗೆಯಿಂದ ಇಂಗಾಲ ಹಿಡಿಯುವ ಪ್ರಾಯೋಗಿಕ ಘಟಕಕ್ಕೆ ಅವರು ಪೂರ್ವಸಿದ್ಧತೆ ಮಾಡುತ್ತಿದ್ದಾರೆಂದೂ ಕೇಳಿದ್ದೆ. ತಂಡದಲ್ಲಿ ಮಾತಾಡಲು ಸಿಕ್ಕವರು ಒಬ್ಬ ಯುವ ಎಂಜಿನಿಯರ್. ಸೇಡಂ ಕಡೆಯ ಹೆಣ್ಣುಮಗಳು. ಅವರು ನೇರವಾಗಿ ವಿವರಿಸಿದರು. ಸಿಮೆಂಟಿನ ಕುಲುಮೆಯಲ್ಲಿ ಕಲ್ಲಿದ್ದಲು ಸುಡುವುದರಿಂದ ಬರುವ ಇಂಗಾಲ ಒಂದು ಪಾಲು ಮಾತ್ರ. ದೊಡ್ಡ ಪಾಲು ಸುಣ್ಣಕಲ್ಲಿನ ಒಳಗಿನಿಂದಲೇ ಬರುತ್ತದೆ. ಕಲ್ಲು ಕಾದಾಗ ಅದನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಕಾರ್ಖಾನೆಯನ್ನು ಪೂರ್ತಿ ಬಿಸಿಲಿನ ವಿದ್ಯುತ್ತಿನಿಂದ ನಡೆಸಿದರೂ ಚಿಮಣಿಯ ಆ ಪಾಲು ಉಳಿಯುತ್ತದೆ. ಅದನ್ನು ಹಿಡಿಯಲೇಬೇಕು, ಹಿಡಿಯುವುದು ದುಬಾರಿ, ಅದಕ್ಕೇ ಸರ್ಕಾರದ ನೆರವು ಬೇಕು.

ನಾನು ಬರೆದುಕೊಂಡೆ. ಚಿಕ್ಕವರಿದ್ದಾಗ ಶಹಾಬಾದದಲ್ಲಿ ಸುಣ್ಣದ ಭಟ್ಟಿಯ ಪಕ್ಕದಲ್ಲಿ ನಮ್ಮ ಮನೆಯಿತ್ತು. ಭಟ್ಟಿಗೆ ಹಾಕಿದ ಕಲ್ಲು ಸುಟ್ಟು ಹೊರಬಂದಾಗ ಹಗುರವಾಗಿರುತ್ತಿತ್ತು. ಅಕ್ಕ ನನ್ನ ಕಣ್ಣು ಮುಚ್ಚಿಸಿ, ನನ್ನ ಒಂದೊಂದು ಕೈಯಲ್ಲಿ ಒಂದೊಂದು ಕಲ್ಲು ಇಟ್ಟು, ಸುಟ್ಟದ್ದು ಯಾವುದು ಹೇಳು ಎಂದು ಆಡಿಸುತ್ತಿದ್ದಳು. ಹೋದ ತೂಕ ಎಲ್ಲಿಗೆ ಹೋಯಿತೆಂದು ಆಗ ಇಬ್ಬರೂ ಕೇಳಿರಲಿಲ್ಲ.

ಎಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದು, ಸುತ್ತಲಿನ ಹಳ್ಳಿಗಳ ಮೇಲೆ ನೀಲಿ ಚುಕ್ಕೆಗಳನ್ನು ತೋರಿಸಿದರು. ಇವು ಬಾವಿಗಳು ಎಂದರು. ಒಂದು ಚುಕ್ಕೆ ಅಕ್ಕನ ಹಿತ್ತಲಲ್ಲಿತ್ತು.

"ಇಲ್ಲಿ ಕಲ್ಲಿನ ಮ್ಯಾಲ ಬಣ್ಣ ಹಚ್ಚಿದವರು ನೀವೇ ಏನ್ರಿ?"

"ಹೌದು ಸರ್. ಹೊಗಿ ಹಿಡಿಯೋ ಯಂತ್ರಕ್ಕ ನೀರು ಭಾಳ ಬೇಕಾಗ್ತದ. ಅದು ಬರೋಕ್ಕಿಂತ ಮೊದಲು ಬಾವ್ಯಾಗ ನೀರು ಎಷ್ಟಿತ್ತು ಅಂತ ದಾಖಲ ಆಗಬೇಕು. ಅಳೀಲಿಕ್ಕ ಒಂದು ಅಲುಗದ ಕಲ್ಲು ಬೇಕು. ಬಾವಿ ಕಟ್ಟಿ ಕಲ್ಲು ಸಡಿಲ ಇದ್ದವು. ಆ ಮೂಲಿಗಲ್ಲು ಗಟ್ಟಿ ಇತ್ತು. ಯಾಕ ಸರ್, ಏನಾತು?"

ಏನಾಯಿತೆಂದು ಹೇಳಿದೆ. ಅವರು ಮೊದಲು ನಂಬಲಿಲ್ಲ. ತಾವೂ ಇದೇ ಸೀಮೆಯವರು, ಆದರೆ ಪೇಟೆಯಲ್ಲಿ ಬೆಳೆದವರು. ಆಮೇಲೆ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಕಟ್ಟಲಿ ಸರ್! ಎರಡು ಅಂತಸ್ತು ಕಟ್ಟಲಿ. ಆ ಕಲ್ಲು ಒಂದು ಅಲುಗಬಾರದು ಅಷ್ಟೇ."

"ಇದನ್ನ ಬರೆದು ಕೊಡ್ತೀರೇನ್ರಿ?"

"ಏನಂತ ಬರೀಲಿ ಸರ್? ನೀರು ಅಳೀಲಿಕ್ಕ ಅಂತ ಬರೀಬಹುದು. ಮುಂದ ಜಾಗ ತಗೊಳ್ಳಂಗಿಲ್ಲ ಅಂತ ಬರೀಲಿಕ್ಕ ನಾ ಯಾರು?"

ಅವರು ಬರೆದುಕೊಟ್ಟ ನಾಲ್ಕು ಸಾಲನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಎರಡು ಸಲ ಓದಿಸಿದಳು.

"ನೀರು ಅಳೀತಾರಂತ. ಬರೋಬರಿ. ಅಳತಿ ಆದ ಮ್ಯಾಲ?"

"ಯಂತ್ರ ಬರ್ತದೋ ಇಲ್ಲೋ ನಿರ್ಧಾರ ಆಗ್ತದ."

"ಯಂತ್ರ ಬಂದ್ರ ಎಲ್ಲಿ ಕೂಡ್ತದ?"

"ಅದು ಗೊತ್ತಿಲ್ಲ."

"ನೋಡು ಮತ್ತ. ಗೊತ್ತಿಲ್ಲ ಅಂತ ನೀನ ಅಂದಿ."

ಚಿತ್ತಾಪುರದ ಕಚೇರಿಯೊಂದಕ್ಕೆ ಅವಳನ್ನು ಕರೆದುಕೊಂಡು ಹೋದೆ. ಭೂಸ್ವಾಧೀನದ ಕಡತ ನೋಡುವ ಗುಮಾಸ್ತರು ನನಗೆ ಪರಿಚಯ. ನಮ್ಮನ್ನು ಕೂರಿಸಿ ಚಹಾ ತರಿಸಿದರು. ಕಡತ ತೆರೆದು ನೋಡಿ, ಆ ಸರ್ವೆ ನಂಬರಿಗೆ ಯಾವ ನೋಟಿಸೂ ಇಲ್ಲ ಎಂದರು. ಅಕ್ಕನ ಮುಖ ಹಗುರಾಯಿತು.

"ಹಂಗಂತ ಒಂದು ಕಾಗದ ಕೊಡ್ರಿ ಸಾಹೇಬ್ರ."

"ಯಕ್ಕಾ, ನೋಟಿಸ್ ಇದ್ರ ನಕಲ ಕೊಡಬಹುದು. ಇಲ್ಲದ್ದರ ನಕಲ ಹ್ಯಾಂಗ ಕೊಡ್ಲಿ?"

"ಇಲ್ಲ ಅಂತ ಬರೀರಿ."

"ಇವತ್ತ ಇಲ್ಲ. ನಾಳಿ ಬರಂಗಿಲ್ಲ ಅಂತ ಯಾರು ಬರೀತಾರ? ಈ ಕುರ್ಚಿಯಿಂದ ನನ್ನ ಬದ್ಲಿ ನಾಳಿ ಆಗ್ತದೋ ಇಲ್ಲೋ ಅದೇ ನನಗ ಗೊತ್ತಿಲ್ಲ. ಚಹಾ ತಗೋರಿ, ಆರ್ತದ."

ಅಕ್ಕ ಚಹಾ ಕುಡಿಯಲಿಲ್ಲ. ಬಸ್ಸಿನಲ್ಲಿ ಒಂದೇ ಮಾತಾಡಿದಳು: "ಇಲ್ಲ ಅನ್ನೂದು ಯಾರ ಕೈಯಾಗೂ ಇಲ್ಲ."

ನನ್ನ ಸುದ್ದಿ ಎರಡನೆಯ ಪುಟದಲ್ಲಿ ಬಂತು. ಬಜೆಟ್ ಪ್ರಸ್ತಾವ, ಇಂಗಾಲ ಎಲ್ಲಿಂದ ಬರುತ್ತದೆ ಎಂಬ ವಿವರ, ಪ್ರಾಯೋಗಿಕ ಘಟಕದ ಅಧ್ಯಯನ, ಬಾವಿಗಳ ಮೇಲಿನ ಗುರುತು ನೀರಿನ ಮಟ್ಟ ಅಳೆಯಲು ಎಂಬ ಎಂಜಿನಿಯರ್ ಹೇಳಿಕೆ. ಎಲ್ಲವೂ ಸರಿಯಾಗಿತ್ತು. ಹಳ್ಳಿಯಲ್ಲಿ ಬುದ್ಧವಿಹಾರದ ಕಟ್ಟೆಯ ಮೇಲೆ ಅದನ್ನು ಜೋರಾಗಿ ಓದಿದರು. ಓದಿದ ಮೇಲೆ ಉಳಿದದ್ದು ಎರಡು ವಿಷಯ: ಸರ್ಕಾರ ಕೋಟಿಗಟ್ಟಲೆ ದುಡ್ಡು ಇಟ್ಟಿದೆ, ಗುರುತಿಗೂ ಆ ದುಡ್ಡಿಗೂ ಸಂಬಂಧವಿದೆ. ಅಲ್ಲಿಯವರೆಗೆ ಗುರುತು ಸುಳ್ಳಿರಬಹುದು ಎನ್ನುತ್ತಿದ್ದ ಒಬ್ಬಿಬ್ಬರೂ ಸುಮ್ಮನಾದರು. ಬಾವಿಯಿದ್ದ ಇನ್ನೊಂದು ಮನೆಯವರು ಹಾಕುತ್ತಿದ್ದ ಕಾಂಪೌಂಡ್ ಗೋಡೆ ನಿಲ್ಲಿಸಿದರು.

ಅದೇ ದಿನಗಳಲ್ಲಿ ಮನೆ ಛಾವಣಿಯ ಮೇಲೆ ಸೌರ ಫಲಕ ಕೂರಿಸಲು ಸರ್ಕಾರದ ಸಬ್ಸಿಡಿ ಇದೆಯೆಂದು ಹೇಳುತ್ತ ಒಬ್ಬ ಏಜೆಂಟ್ ಮನೆಮನೆ ತಿರುಗಿದ. ಅಕ್ಕ ಅವನನ್ನು ಹಿತ್ತಲಿಗೆ ಕರೆದೊಯ್ದು, ಛತ್ತ, ಅಂದರೆ ಛಾವಣಿ, ಇಲ್ಲದ ಗರ್ಡರ್‌ಗಳ ನಡುವಿನ ಆಕಾಶ ತೋರಿಸಿದಳು.

"ನಿಮ್ಮ ಸರ್ಕಾರದಾಗ ಮೊದಲ ಛತ್ತ ಕೊಡೋ ಸ್ಕೀಮ್ ಅದ ಏನು ನೋಡಪಾ. ಆಮ್ಯಾಲ ಅದರ ಮ್ಯಾಲ ಬೇಕಾದ್ದು ಕೂಡ್ಸು."

ಅವನು ನಕ್ಕು, ಗುರುತು ನೋಡಿ, ನಗುವುದನ್ನು ನಿಲ್ಲಿಸಿ ಹೋದ.

ಯುಗಾದಿ ಕಳೆಯಿತು. ಮಗಳಿಗೆ ಏಳು ತಿಂಗಳು ತುಂಬಿ, ಕುಬಸ, ಅಂದರೆ ಸೀಮಂತ, ಮಾಡಿ ಕರೆತರುವ ದಿನ ಗೊತ್ತಾಯಿತು. ಕೋಣೆ ಶುರು ಮಾಡಿದ ಗೌಂಡಿಯನ್ನು ಅಕ್ಕ ಮತ್ತೆ ಕರೆಸಿದಳು. ಅರವತ್ತು ದಾಟಿದ ಮನುಷ್ಯ, ಅವಳು ಕಾಕಾ ಎನ್ನುತ್ತಾಳೆ. ಅವನು ಬಂದು, ಒಳಗೆ ಕಾಲಿಡದೆ, ಗಟ್ಟಿಯಾದ ಸಿಮೆಂಟ್ ಚೀಲದ ಮೇಲೆ ಕುಳಿತ.

"ಯವ್ವಾ, ನಾ ಛತ್ತ ಹಾಕ್ತೀನಿ. ನಾಳಿ ಅವರು ಬಂದು ಯಾರು ಹಾಕ್ಯಾರ ಅಂದ್ರ ನೀ ನನ್ನ ಹೆಸರ ಹೇಳ್ತಿ."

"ನಿನ್ನ ಹೆಸರ ಹೇಳಿದ್ರ ನನಗೇನ ಸಿಗ್ತದ ಕಾಕಾ? ಒಂದು ಚಿಟಿಗಿ ತಂಬಾಕ ಸುದ್ದಾ ಸಿಗಂಗಿಲ್ಲ."

"ತಂಬಾಕ ನನಗ ಬೇಕು, ನಿನಗ್ಯಾಕ ಸಿಗಬೇಕು." ತಂಬಾಕು ತಿಕ್ಕುತ್ತ ಅವನು ಅಂಗಳದ ಗೋಡೆಗೆ ಒರಗಿದ್ದ ಫರ್ಸಿಗಳನ್ನು ನೋಡಿದ. "ಈ ಕಲ್ಲು ಇಲ್ಲಿ ಇಟ್ಟಿದ್ದಕ್ಕ ಯಾರರ ಏನರ ಅಂದಾರ?"

"ಇಲ್ಲ."

"ಇಲ್ಲಿ ಇಟ್ಟಂಗ ಮ್ಯಾಲ ಇಡಾದು. ಗರ್ಡರ್ ಮ್ಯಾಲ ಸಾಲಾಗಿ ಇಡ್ತೀನಿ, ಸಂದಿಗೆ ಏನೂ ತುಂಬಂಗಿಲ್ಲ. ಕೇಳಿದ್ರ, ಕಲ್ಲು ಮ್ಯಾಲ ಇಟ್ಟೀವಿ ಅನ್ನು. ನೆರಳ ಅಂತೂ ಆಗ್ತದ."

"ಮಳಿ ಬಂದ್ರ?"

"ಮಳಿಗಿ ನಾ ಏನ ಮಾಡ್ಲಿ? ಸಂದು ತುಂಬಿದ್ರ ಅದು ಛತ್ತ ಆಗ್ತದ. ಛತ್ತ ನಾ ಹಾಕಂಗಿಲ್ಲ."

ನಮ್ಮ ಕಡೆ ಫರ್ಸಿಯ ಛಾವಣಿಗೆ ಜೀವ ಬರುವುದು ಸಂದು ತುಂಬಿದ ಮೇಲೆ. ಮೊದಲು ಸುಣ್ಣ ಬೆಲ್ಲ ಕಲೆಸುತ್ತಿದ್ದರು, ಈಗ ಸಿಮೆಂಟ್. ಅದಾಗುವವರೆಗೆ ಕಲ್ಲುಗಳನ್ನು ಇಬ್ಬರು ಸೇರಿ ಎತ್ತಿ ಕೆಳಗಿಡಬಹುದು, ಗಾಡಿಗೆ ಹೇರಿ ಬೇರೆ ಕಡೆ ಒಯ್ಯಬಹುದು. ಅಕ್ಕ ಒಪ್ಪಿದಳು. ಮಾವ ಒಪ್ಪಲಿಲ್ಲ. "ದಿನಾ ಚೀಲ ತುಂಬಿ ಲಾರಿಗಟ್ಟಲೆ ಕಳಸ್ತೀನಿ. ನನ್ನ ಮನಿ ಸಂದಿಗೆ ಹಚ್ಚಾಕ ಅಂಜಬೇಕೇನು?" ಎಂದ. ಆದರೆ ಕಲ್ಲು ಎತ್ತುವ ದಿನ ಒಂದು ತುದಿ ಹಿಡಿದವನು ಅವನೇ.

ಮಗಳು ಬಂದಳು. ಮಂಚ ಹಾಕಿದರು. ಬೇಸಿಗೆಯ ಮಧ್ಯಾಹ್ನ ಆ ಕೋಣೆಯಲ್ಲಿ ಮಲಗಿದರೆ, ಸಂದುಗಳಿಂದ ಇಳಿದ ಬಿಸಿಲು ನೆಲದ ಮೇಲೆ ಗೆರೆಗಳಾಗಿ ಬಿದ್ದು, ಸಂಜೆಯಾಗುತ್ತ ಗೋಡೆ ಹತ್ತುತ್ತಿತ್ತು. ಗೆರೆಯೊಳಗೆ ಕಾರ್ಖಾನೆಯ ಪುಡಿ ಆಡುವುದು ಕಾಣುತ್ತಿತ್ತು. ಮಗಳು ಹೊಟ್ಟೆಯ ಮೇಲೆ ಬಿದ್ದ ಗೆರೆಯನ್ನು ಸೆರಗಿನಿಂದ ಮುಚ್ಚಿಕೊಂಡು, "ಜೇಲಿನ್ಯಾಗ ಇದ್ದಂಗ ಅದ ನೋಡವ್ವಾ, ಪಟ್ಟಿ ಪಟ್ಟಿ" ಎಂದು ನಗುತ್ತಿದ್ದಳು. ಅಕ್ಕ, "ಸುಮ್ಮ ಮಲಗು" ಎನ್ನುತ್ತಿದ್ದಳು.

ಎಂಜಿನಿಯರ್ ಆ ನಡುವೆ ಎರಡು ಬಾರಿ ನೀರು ಅಳೆಯಲು ಬಂದರು. ಎರಡನೆಯ ಬಾರಿ ನಾನೂ ಅಲ್ಲಿದ್ದೆ. ಅಕ್ಕ ಅವರಿಗೆ ಮಜ್ಜಿಗೆ ಕೊಟ್ಟಳು. ಟೇಪನ್ನು ಬಾವಿಗೆ ಇಳಿಬಿಡುತ್ತ ಅವರು ಮೇಲೆ ನೋಡಿ, "ಯಕ್ಕಾ, ಮಳಿ ಮುಂದ ಬರ್ಲಿಕತ್ತದ, ಸಂದು ತುಂಬ್ರಿ" ಎಂದರು.

"ತುಂಬ್ತೀನವ್ವಾ. ನಿಮ್ಮ ಯಂತ್ರ ಎಲ್ಲಿ ಕೂಡ್ತದ ಹೇಳು, ಇವತ್ತ ತುಂಬ್ತೀನಿ."

"ನನಗ ಗೊತ್ತಿದ್ರ ಹೇಳ್ತಿದ್ದೆ, ಯಕ್ಕಾ."

"ಹಂಗಾರ ಈ ಬಣ್ಣ ಅಳಸು."

"ಅಳಿಸಿದ್ರ ಇಲ್ಲಿತನಕ ಅಳತಿ ಮಾಡಿದ್ದೆಲ್ಲ ವ್ಯರ್ಥ. ಮತ್ತ ಬ್ಯಾರೆ ಮನಿ ಕಲ್ಲಿಗೆ ಹಚ್ಚಬೇಕಾಗ್ತದ."

ಅಕ್ಕ ಪಕ್ಕದ ಮನೆಯ ಗೋಡೆಯ ಕಡೆ ನೋಡಿದಳು. ಆ ಮನೆಯ ಸೊಸೆ ಬಟ್ಟೆ ಒಣಹಾಕುತ್ತಿದ್ದಳು. "ಬ್ಯಾಡ, ಇಲ್ಲೇ ಇರಲಿ" ಎಂದು ಮಜ್ಜಿಗೆಯ ಲೋಟ ತೆಗೆದುಕೊಂಡು ಒಳಗೆ ಹೋದಳು.

ಹೆರಿಗೆ ಚಿತ್ತಾಪುರದ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು. ಬಾಣಂತಿಯನ್ನು ಹೊಸ ಕೋಣೆಗೇ ತಂದರು. ಗರ್ಡರ್‌ಗೆ ಹಗ್ಗ ಕಟ್ಟಿ ತೊಟ್ಟಿಲು ಇಳಿಬಿಟ್ಟರು. ನೋಡಲು ಬಂದ ಬೀಗತಿ ಮೊದಲು ಮಗುವನ್ನು, ಆಮೇಲೆ ಛಾವಣಿಯನ್ನು ನೋಡಿದರು. "ಮಳಿಗಾಲ ಮುಗಿಯೂತನಕ ನಮ್ಮಲ್ಲಿ ಇರಲೇಳ್ರಿ ಬೀಗತ್ಯಾರ" ಎಂದರು. ಅಕ್ಕ, "ಕುಂದ್ರಿ, ಮೊದಲ ಊಟ ಮಾಡ್ರಿ" ಎಂದಳು.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಮೊದಲು ಗಾಳಿ, ಆಮೇಲೆ ದಪ್ಪ ಹನಿ. ನಾನು ಅಡುಗೆ ಕೋಣೆಯಲ್ಲಿದ್ದೆ. ಮಗಳು ಕೂಗಿದಳು. ಹೋಗಿ ನೋಡಿದರೆ, ಪ್ರತಿ ಸಂದಿನಿಂದಲೂ ನೀರು ಹಗ್ಗದಂತೆ ನೇರವಾಗಿ ಇಳಿಯುತ್ತಿತ್ತು. ಮಂಚ, ಹಾಸಿಗೆ, ನೆಲ, ಎಲ್ಲ ನೆನೆದಿತ್ತು. ಅಕ್ಕ ತೊಟ್ಟಿಲ ಮೇಲೆ ಬಗ್ಗಿ, ಬೆನ್ನನ್ನು ಛಾವಣಿ ಮಾಡಿಕೊಂಡು ನಿಂತಿದ್ದಳು. ಅವಳ ತಲೆಯಿಂದ ನೀರು ಇಳಿಯುತ್ತಿತ್ತು. ಮಗುವನ್ನು ಎತ್ತಿ ಪಡಸಾಲೆಗೆ ತಂದೆವು. ಪಾಳಿ ಮುಗಿಸಿ ಬಂದು ಮಲಗಿದ್ದ ಮಾವ ಎದ್ದು ಮಂಚ ಬಿಟ್ಟುಕೊಟ್ಟ. ಕೆಮ್ಮು ಬಂದಾಗ ಅವನು ಬಾಗಿಲಾಚೆ ಮಳೆಯಲ್ಲಿ ಹೋಗಿ ಕೆಮ್ಮಿ ಬಂದ.

ಮಳೆ ನಿಂತ ಮೇಲೆ ಗೌಂಡಿಗೆ ಹೇಳಿ ಕಳಿಸಿದರು. ಊರಲ್ಲಿಲ್ಲ ಎಂದು ಅವನ ಮನೆಯವರು ಹೇಳಿದರು. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು ಎಂದ ಮಾವ.

ಮರುದಿನ ಮಾವ ಅಂಗಡಿಯಿಂದ ಅರ್ಧ ಚೀಲ ಸಿಮೆಂಟ್ ತಂದ. ಅಕ್ಕ ಬುಟ್ಟಿಯಲ್ಲಿ ಕಲೆಸಿ, ಏಣಿ ಹಾಕಿ ಮೇಲೆ ಹತ್ತಿದಳು. ಕೆಳಗೆ ಮಗಳು ನಿಂತು, ತೊಟ್ಟಿಲಿನ ಹಗ್ಗ ಎಲ್ಲಿದೆಯೆಂದು ಸಂದಿನೊಳಗಿಂದ ಕಡ್ಡಿ ತೂರಿಸಿ ತೋರಿಸಿದಳು. ಆ ಜಾಗದ ಸಂದುಗಳಿಗೆ ಅಕ್ಕ ಕೈಯಿಂದಲೇ ಸಿಮೆಂಟ್ ಒತ್ತಿ ತುಂಬಿದಳು. ಬುದ್ಧವಿಹಾರದ ಕಟ್ಟೆಯ ಮೇಲಿನವರೆಲ್ಲ ನೋಡುತ್ತಿದ್ದರು. ಬುಟ್ಟಿಯಲ್ಲಿ ಇನ್ನೂ ಸಿಮೆಂಟ್ ಇತ್ತು. ಉಳಿದ ಸಂದುಗಳನ್ನು ಒಮ್ಮೆ ನೋಡಿ, ಕೆಳಗೆ ಗುರುತಿದ್ದ ಮೂಲೆಗಲ್ಲನ್ನು ನೋಡಿ, ಅವಳು ಬುಟ್ಟಿ ತೆಗೆದುಕೊಂಡು ಇಳಿದಳು.

ಪ್ರಾಯೋಗಿಕ ಘಟಕದ ಮಂಜೂರಾತಿ ಇನ್ನೂ ಬಂದಿಲ್ಲವೆಂದು ಎಂಜಿನಿಯರ್ ಕಳೆದ ವಾರ ಫೋನಿನಲ್ಲಿ ತಿಳಿಸಿದರು. ತೊಟ್ಟಿಲ ಮೇಲಿನ ಎರಡು ಸಂದುಗಳು ತುಂಬಿವೆ. ಉಳಿದವು ತೆರೆದಿವೆ.